ಹಿಂದಕ್ಕೆ ನಡೆದ ತಾರೀಖು

ನಮ್ಮ ಆಫೀಸಿನಲ್ಲಿ ಅವಳನ್ನು ನಿಜವಾದ ಹೆಸರಿನಿಂದ ಕರೆಯುವವರೇ ಇಲ್ಲ. ಸಂಬಳದ ಚೀಟಿಯಲ್ಲಿ ಮಾತ್ರ ಅದು ಇರುತ್ತದೆ. ಎಲ್ಲರಿಗೂ ಅವಳು ನಿಧಾನಮ್ಮ. ಆ ಹೆಸರಿಟ್ಟವನು ನಾನು. ನನಗೆ ಸಿಡುಕ ಎಂದು ಹೆಸರಿಟ್ಟವಳು ಅವಳು. ಸರಿಗೆ ಸರಿ ಆಯಿತು ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ನನ್ನ ಹೆಸರು ನನಗೆ ಒಪ್ಪುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಅವಳ ಹೆಸರಿನ ಕಥೆ ಬೇರೆ ಇತ್ತು, ಅದು ನನಗೆ ಈ ವರ್ಷ ತಿಳಿಯಿತು.

ನಾವು ಮಾಡುವುದು ಲಿಫ್ಟ್‌ಗಳ ತಲೆ. ಕಬ್ಬಿಣದ ಪೆಟ್ಟಿಗೆ, ಹಗ್ಗ, ಮೋಟಾರು ಎಲ್ಲ ಬೇರೆಯವರದು. ಯಾವ ಮಹಡಿಗೆ ಮೊದಲು ಹೋಗಬೇಕು, ಬಾಗಿಲು ಎಷ್ಟು ಹೊತ್ತು ತೆರೆದಿರಬೇಕು, ಯಾರಾದರೂ ಅಡ್ಡ ಬಂದರೆ ಏನು ಮಾಡಬೇಕು ಎಂದು ಲಿಫ್ಟಿಗೆ ಹೇಳಿಕೊಡುವ ಅಂಗೈಯಗಲದ ಬೋರ್ಡು, ಅದರೊಳಗಿನ ಕೋಡು, ಇಷ್ಟು ನಮ್ಮದು. ಕೆಳಗಿನ ಮಹಡಿಯಲ್ಲಿ ಬೋರ್ಡಿಗೆ ಬೆಸುಗೆ ಹಾಕುತ್ತಾರೆ, ಮೇಲೆ ನಾವು ಕೋಡು ಬರೆಯುತ್ತೇವೆ. ಹದಿನೆಂಟು ಜನ, ಎರಡು ಫ್ಯಾನು, ಒಂದು ಚಹಾ ಕೆಟಲು. ಲಿಫ್ಟಿನ ಕಂಪನಿಯಾದರೂ ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ.

ಅವಳೂ ನಾನೂ ಒಂದೇ ವಾರ ಕೆಲಸಕ್ಕೆ ಸೇರಿದವರು. ಆಗ ಅವಳಷ್ಟು ಚುರುಕು ಇನ್ನೊಬ್ಬರಿರಲಿಲ್ಲ. ನಾನು ಕೆಳಗೆ ಹೋಗಿ ಚಹಾ ತರುವಷ್ಟರಲ್ಲಿ ಎರಡು ಕೆಲಸ ಮುಗಿಸಿ ಮೂರನೆಯದಕ್ಕೆ ಕೈ ಹಾಕಿರುತ್ತಿದ್ದಳು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬರುವಳು, ಎಲ್ಲರಿಗಿಂತ ಮುಂಚೆ ಮುಗಿಸುವಳು, ಉಳಿದ ಹೊತ್ತಿನಲ್ಲಿ ನಮ್ಮನ್ನು ಗೇಲಿ ಮಾಡುವಳು. ಹಾಗಿದ್ದವಳು ಒಂದು ವರ್ಷದ ಕೊನೆಗೆ ಇದ್ದಕ್ಕಿದ್ದ ಹಾಗೆ ನಿಧಾನವಾಗಿಬಿಟ್ಟಳು. ಒಂದು ಸಾಲು ಬದಲಿಸಿದರೆ ಮೂರು ಸಲ ಓದುವಳು. ಆಮೇಲೆ ಕಾಗದದ ಮೇಲೆ ಅಚ್ಚು ಹಾಕಿಸಿ ಮತ್ತೊಮ್ಮೆ ಓದುವಳು. ಕೆಳಗಿನ ಪರೀಕ್ಷೆಯ ಬಾಗಿಲಿನ ಮುಂದೆ ನಿಂತು, ತನ್ನ ಕೈಯನ್ನೇ ಅಡ್ಡ ಹಿಡಿದು, ಇಪ್ಪತ್ತು ಸಲ ಮುಚ್ಚಿಸಿ ನೋಡುವಳು. ಹೊಸದಾಗಿ ಬಂದ ಹುಡುಗರು ಅವಳನ್ನು ದಾಟಿ ಮೇಲಕ್ಕೆ ಹೋದರು. ಈಗಿನ ನಮ್ಮ ಮ್ಯಾನೇಜರನಿಗೆ ಕೆಲಸ ಕಲಿಸಿದವಳೇ ಅವಳು. ನಾನು ತಮಾಷೆಗೆ ನಿಧಾನಮ್ಮ ಅಂದೆ, ಅದು ಅಂಟಿಕೊಂಡಿತು. ಅವಳೂ ನಕ್ಕಳು.

ಕಾರಣ ಗೊತ್ತಾದದ್ದು ಹದಿನಾಲ್ಕು ವರ್ಷದ ಮೇಲೆ, ಒಂದು ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ. ತಾನು ಅವಸರದಲ್ಲಿ ಮಾಡಿದ ಒಂದು ಬದಲಾವಣೆಯಿಂದ ಒಬ್ಬ ಮನುಷ್ಯನ ಬೆರಳು ಹೋದವು ಎಂದು ಅವಳು ನಂಬಿದ್ದಳು. ಯಾರಿಗೂ ಹೇಳಿರಲಿಲ್ಲ, ಕಟ್ಟಿಕೊಂಡ ಗಂಡನಿಗೂ.

ಆ ಬುಧವಾರ ಏನು ನಡೆಯುತ್ತಿತ್ತು ಎಂದರೆ, ನಾವು ಮನೆ ಬದಲಿಸುತ್ತಿದ್ದೆವು. ನಾವಲ್ಲ, ನಮ್ಮ ಕೋಡು. ಕೋಡಿನಲ್ಲಿ ಯಾರು ಏನು ಬದಲಿಸಿದರೂ ಅದನ್ನು ಸರ್ವರಿಗೆ ಸೇರಿಸಬೇಕು. ಸೇರಿಸಿದ ಕೂಡಲೇ ಅದಕ್ಕೊಂದು ಕ್ರಮಸಂಖ್ಯೆ ಬೀಳುತ್ತದೆ. ಯಾರು ಮಾಡಿದರು, ಯಾವ ತಾರೀಖು, ಎಷ್ಟು ಹೊತ್ತಿಗೆ, ಯಾಕೆ ಎಂಬುದೂ ಅದರ ಜೊತೆಗೇ ಕೂರುತ್ತದೆ. ಹೀಗೆ ಸೇರಿದ ಎಂಟ್ರಿಗಳು ಏಳು ಸಾವಿರದ ಎಂಟುನೂರ ಆರು. ಅಷ್ಟೂ ಇದ್ದದ್ದು ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕೆಮ್ಮುತ್ತಾ ಕೂತಿದ್ದ ಒಂದು ಮುದಿ ಕಂಪ್ಯೂಟರಿನಲ್ಲಿ. ಅದರ ಡಿಸ್ಕು ಇವತ್ತೋ ನಾಳೆಯೋ ಎನ್ನುವ ಸ್ಥಿತಿಗೆ ಬಂದಿತ್ತು. ಹೊಸ ಜಾಗಕ್ಕೆ ಎಲ್ಲವನ್ನೂ ಸಾಗಿಸಬೇಕು, ಶುಕ್ರವಾರ ಮುದುಕನನ್ನು ಗುಜರಿ ಗಾಡಿಗೆ ಹತ್ತಿಸಬೇಕು ಎಂದು ಮ್ಯಾನೇಜರ್ ಹೇಳಿದ್ದ. ಸಾಗಿಸುವ ಸ್ಕ್ರಿಪ್ಟನ್ನು, ಎಂದರೆ ಆ ಕೆಲಸವನ್ನು ತಾನೇ ಮಾಡುವ ಪುಟ್ಟ ಪ್ರೋಗ್ರಾಮನ್ನು, ಬರೆದವನು ನಾನು.

ನನ್ನ ಸ್ಕ್ರಿಪ್ಟು ಒಂದೊಂದೇ ಎಂಟ್ರಿಯನ್ನು ಎತ್ತಿಕೊಂಡು ಹೊಸ ಮನೆಯಲ್ಲಿ ಇಡುತ್ತಿತ್ತು. ಜಾಣತನ ಮಾಡೋಣ ಎಂದು ಅದರಲ್ಲೊಂದು ತಪಾಸಣೆ ಸೇರಿಸಿದ್ದೆ: ಒಂದು ಎಂಟ್ರಿಯ ತಾರೀಖು ಅದರ ಹಿಂದಿನ ಎಂಟ್ರಿಯ ತಾರೀಖಿಗಿಂತ ಹಳೆಯದಾಗಿದ್ದರೆ ನಿಲ್ಲು, ನನ್ನನ್ನು ಕೇಳು. ಅದು ಒಂಬೈನೂರ ನಲವತ್ತರಲ್ಲಿ ನಿಂತಿತು. ನಾನು ಬೈದು, ಅದನ್ನು ಬಿಟ್ಟು ಮುಂದೆ ಹೋಗು ಎಂದೆ. ಸಾವಿರದ ಮುನ್ನೂರ ಎಪ್ಪತ್ತೇಳರಲ್ಲಿ ನಿಂತಿತು. ಇನ್ನೂ ಚೆನ್ನಾಗಿ ಬೈದು, ಅದನ್ನೂ ಬಿಡಿಸಿದೆ. ಸಾವಿರದ ಒಂಬೈನೂರ ಎರಡಕ್ಕೆ ಬಂದಾಗ ನನ್ನ ಬೈಗುಳ ಪಕ್ಕದ ಮೇಜಿಗೆ ಕೇಳಿಸಿರಬೇಕು.

"ಬಿಟ್ಟು ಹೋಗ್ತಿದೀಯಾ?" ಅಂದಳು ನಿಧಾನಮ್ಮ.

"ಮೂರು ಹೋದ್ರೆ ಏನು ಗಂಟು ಹೋಗತ್ತೆ? ಏಳು ಸಾವಿರ ಇದೆ."

"ಒಂದನ್ನೂ ಬಿಡಬಾರದು. ಬಿಟ್ರೆ ಆ ಬದಲಾವಣೆ ಮುಂದಿನ ಎಂಟ್ರಿ ಹೊಟ್ಟೆಗೆ ಹೋಗಿ ಸೇರ್ಕೊಳ್ಳತ್ತೆ. ಯಾರು ಮಾಡಿದ್ದು, ಯಾಕೆ ಮಾಡಿದ್ದು ಅನ್ನೋದು ಅಳಿಸಿ ಹೋಗತ್ತೆ. ಯಾರೋ ಮಾಡಿದ್ದು ಯಾರದೋ ತಲೆಗೆ ಬರತ್ತೆ. ನಿಂಗೆ ಗೊತ್ತಿಲ್ವಾ?"

ಗೊತ್ತಿತ್ತು. ಗೊತ್ತಿರುವುದನ್ನು ಇನ್ನೊಬ್ಬರು ಹೇಳಿದರೆ ಬರುವ ಕೋಪವೇ ಬೇರೆ. ಆಯ್ತಮ್ಮಾ ತಾಯಿ, ಆಮೇಲೆ ಬಂದು ನೋಡ್ತೀನಿ ಎಂದು ಮುಂದಕ್ಕೆ ಬಿಟ್ಟೆ. ಅವಳು ಕುರ್ಚಿ ಎಳೆದುಕೊಂಡು ನನ್ನ ಹಿಂದೆಯೇ ಕಾವಲು ಕೂತಳು. ಸ್ವಲ್ಪ ಹೊತ್ತಿಗೆ ಸ್ಕ್ರಿಪ್ಟು ಮತ್ತೆ ನಿಂತಿತು. ಎರಡು ಸಾವಿರದ ಮುನ್ನೂರ ಹದಿನೆಂಟು. ಪರದೆಯ ಮೇಲೆ ಆ ಎಂಟ್ರಿಯ ವಿವರ ಬಂತು: ತಾರೀಖು ಮಾರ್ಚ್ ಐದು, ಬೆಳಿಗ್ಗೆ ಒಂಬತ್ತು ಇಪ್ಪತ್ತು. ಬಾಗಿಲು ಕಾಯುವ ಹೊತ್ತು ನಾಲ್ಕು ಸೆಕೆಂಡಿನಿಂದ ಮೂರಕ್ಕೆ. ಮಾಡಿದವರು ಎಂಬಲ್ಲಿ ನಿಧಾನಮ್ಮನ ನಿಜವಾದ ಹೆಸರು.

"ಇದನ್ನ ಬಿಟ್ಟು ಹೋಗು," ಅಂದಳು.

ನಾನು ನಗಾಡಲು ತಿರುಗಿದೆ. ಒಂದನ್ನೂ ಬಿಡಬಾರದು ಎಂದು ಪಾಠ ಹೇಳಿ ಕಾಲು ಗಂಟೆ ಆಗಿರಲಿಲ್ಲ. ಅವಳ ಮುಖ ನೋಡಿ ನಗು ಗಂಟಲಲ್ಲೇ ನಿಂತಿತು. ಕಾಗದದ ಹಾಗೆ ಬಿಳಿಚಿಕೊಂಡಿದ್ದಳು. ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಯಾಕೆ?"

"ಕೇಳ್ಬೇಡ. ಬಿಟ್ಟು ಹೋಗು ಅಂದ್ನಲ್ಲ."

ಬೇರೆ ಯಾರಾದರೂ ಆಗಿದ್ದರೆ ಬಿಟ್ಟುಬಿಡುತ್ತಿದ್ದರೇನೋ. ನಾನು ಸಿಡುಕ. ಎದ್ದು ನಿಂತು, ಕೆಟಲಿರುವ ಕೋಣೆಗೆ ಬಾ ಎಂದೆ. ಬಂದಳು. ಬಾಗಿಲು ಹಾಕಿದೆ. ನೀರು ಕುದಿಯುವಷ್ಟು ಹೊತ್ತಿನಲ್ಲಿ ಹದಿನಾಲ್ಕು ವರ್ಷವನ್ನು ಹೇಳಿ ಮುಗಿಸಿದಳು. ಅಷ್ಟು ಬೇಗ ಅವಳು ಏನನ್ನಾದರೂ ಮುಗಿಸಿದ್ದನ್ನು ನಾನು ಬಹಳ ವರ್ಷಗಳಿಂದ ನೋಡಿರಲಿಲ್ಲ.

ಆ ವರ್ಷ ಯಾವುದೋ ಹೋಟೆಲಿನವರು ಲಿಫ್ಟ್ ಬಾಗಿಲು ಮುಚ್ಚಲು ತಡವಾಗುತ್ತದೆ ಎಂದು ದೂರಿದ್ದರು. ಇವಳು ನಾಲ್ಕು ಸೆಕೆಂಡನ್ನು ಮೂರು ಮಾಡಿದಳು. ಹತ್ತು ನಿಮಿಷದ ಕೆಲಸ, ಮಾಡಿ ಮರೆತಳು. ಅದೇ ವರ್ಷ ಮಾರ್ಚ್ ಹನ್ನೊಂದರಂದು ಒಂದು ಅಂಗಡಿ ಕಟ್ಟಡದಲ್ಲಿ, ನಮ್ಮದೇ ಬೋರ್ಡಿದ್ದ ಲಿಫ್ಟಿನ ಬಾಗಿಲಿಗೆ ಮೂರನೆಯ ಮಹಡಿಯ ದರ್ಜಿಯ ಬಲಗೈ ಸಿಕ್ಕಿತು. ಬಟ್ಟೆಯ ಗಂಟು ಹೊತ್ತುಕೊಂಡು ಹೊರಗೆ ಬರುತ್ತಿದ್ದನಂತೆ. ತೋರುಬೆರಳು, ನಡುಬೆರಳು, ಎರಡರ ಮೇಲಿನ ಗಿಣ್ಣು ಹೋದವು. ಆ ಅಪಘಾತ ನನಗೂ ನೆನಪಿತ್ತು. ವಿಚಾರಣೆ ಎಳೆದಾಡಿ ಡಿಸೆಂಬರಿಗೆ ಬಂತು. ಅಧಿಕಾರಿಗಳು ನೋಡಿ, ಬಾಗಿಲಿಗೆ ಅಡ್ಡ ಬಂದವರನ್ನು ಗುರುತಿಸುವ ಬೆಳಕಿನ ಕಣ್ಣು ಬಟ್ಟೆಯ ಧೂಳಿನಿಂದ ಮುಚ್ಚಿಹೋಗಿತ್ತು, ಯಾರೂ ಒರೆಸಿರಲಿಲ್ಲ ಎಂದು ಬರೆದು ಕಡತ ಮುಚ್ಚಿದರು. ನಮ್ಮ ಮೇಲೆ ಏನೂ ಬರಲಿಲ್ಲ.

"ಅವ್ರಿಗೆ ಕೊಡೋಕೆ ಅಂತ ಆ ತಿಂಗಳ ಬದಲಾವಣೆಗಳ ಪಟ್ಟಿ ಅಚ್ಚು ಹಾಕಿದ್ರಲ್ಲ, ತಾರೀಖಿನ ಪ್ರಕಾರ ಜೋಡಿಸಿ," ಅಂದಳು. "ಅದ್ರಲ್ಲಿ ನೋಡ್ದೆ. ಮಾರ್ಚ್ ಐದಕ್ಕೆ ನಂದು. ಎಂಟಕ್ಕೆ ಆ ಕಟ್ಟಡಕ್ಕೆ ಹೊಸ ಬೋರ್ಡ್ ಹಾಕಿದಾರೆ. ಹನ್ನೊಂದಕ್ಕೆ ಕೈ ಸಿಕ್ಕಿದೆ. ನಾನು ಆ ಒಂದು ಸೆಕೆಂಡ್ ಕದೀದೇ ಇದ್ದಿದ್ರೆ ಅವ್ರು ಕೈ ತೆಗೀತಿದ್ರು. ಯಾರೂ ಸೆಕೆಂಡಿನ ಬಗ್ಗೆ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ. ಮಗಳಿಗೆ ಆಗ ಎರಡು ವರ್ಷ. ಕೆಲಸ ಹೋಗತ್ತೆ, ಜೈಲಿಗೆ ಹಾಕ್ತಾರೆ ಅಂತ ಏನೇನೋ ಹೆದರಿಕೆ. ಆಮೇಲೆ ಹೇಳೋಣ ಅಂತ ಮುಂದೂಡ್ದೆ. ಮುಂದೂಡಿ ಮುಂದೂಡಿ ಹೇಳೋ ಮುಖವೇ ಉಳೀಲಿಲ್ಲ."

ಆಮೇಲೆ ಇನ್ನೊಂದು ಮಾತು ಹೇಳಿದಳು. ಆ ದರ್ಜಿಯ ಅಂಗಡಿ ಈಗ ನೆಲಮಹಡಿಯಲ್ಲಿದೆಯಂತೆ. ಮನೆಮಂದಿಯ ಬಟ್ಟೆಯನ್ನೆಲ್ಲ ಹದಿನಾಲ್ಕು ವರ್ಷದಿಂದ ಅವನ ಹತ್ತಿರವೇ ಹೊಲಿಸುತ್ತಾಳಂತೆ. ಹೊಲಿಗೆ ಸರಿ ಇರುವುದಿಲ್ಲ, ಎಡತೋಳು ಯಾವಾಗಲೂ ಉದ್ದ. ಒಂದು ದಿನವೂ ಹಾಗೆಂದು ಹೇಳಿಲ್ಲ. ಚೆನ್ನಾಗಿದೆ ಎಂದು ಹೇಳಿ ಕೇಳಿದ್ದನ್ನು ಕೊಟ್ಟು ಬರುತ್ತಾಳೆ. ಅವಳ ಗಂಡ ಬಸ್ಸು ಓಡಿಸುತ್ತಾನೆ, ಎಡತೋಳನ್ನು ಒಂದು ಸುತ್ತು ಹೆಚ್ಚಿಗೆ ಮಡಚಿಕೊಂಡೇ ಸ್ಟಿಯರಿಂಗ್ ಹಿಡಿಯುತ್ತಾನೆ. ಅದನ್ನು ನಾನೂ ನೋಡಿದ್ದೆ, ಅದೊಂದು ಠೀವಿ ಅಂದುಕೊಂಡಿದ್ದೆ.

ನಿಧಾನಮ್ಮ, ನಿಧಾನಮ್ಮ ಎಂದು ಇಷ್ಟು ವರ್ಷ ಕರೆದಿದ್ದೆನಲ್ಲ. ಕ್ಷಮಿಸು ಎಂದು ಹೇಳಲು ನನಗೆ ಬರುವುದಿಲ್ಲ, ಆದ್ದರಿಂದ ಕೋಪ ಮಾಡಿಕೊಂಡೆ.

"ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು ಅಂದ್ಕೊಂಡ್ಯಾ? ಇವತ್ತು ಇದನ್ನ ಅಳಿಸಿದ್ರೆ ನಿನ್ನ ತಲೆಯಿಂದ ಅಳಿಸಿಹೋಗತ್ತಾ?"

"ಇಲ್ಲ," ಅಂದಳು. "ಆದ್ರೆ ಇನ್ನೊಬ್ರು ನೋಡೋದು ತಪ್ಪತ್ತೆ. ನಾಳೆ ಮ್ಯಾನೇಜರ್ ಕೂತು ಎಲ್ಲಾ ಓದ್ತಾನೆ. ಅವನಿಗೆ ಅಕ್ಷರ ಕಲಿಸಿದ ಹಾಗೆ ಕೆಲಸ ಕಲಿಸಿದೀನಿ."

ಅಷ್ಟರಲ್ಲಿ ನನ್ನ ತಲೆಗೆ ಒಂದು ಹುಳ ಹೊಕ್ಕಿತು. ಅವಳ ಕಥೆಯಲ್ಲಿ ಮುಳುಗಿ ನಾನು ಸ್ಕ್ರಿಪ್ಟು ಯಾಕೆ ನಿಂತಿತು ಎನ್ನುವುದನ್ನೇ ಮರೆತಿದ್ದೆ. ತಾರೀಖು ಸರಿಯಿದ್ದ ಎಂಟ್ರಿಗೆ ನನ್ನ ಸ್ಕ್ರಿಪ್ಟು ನಿಲ್ಲುವುದಿಲ್ಲ. ನಿಂತಿದೆ ಎಂದರೆ ತಾರೀಖು ಹಿಂದಕ್ಕೆ ನಡೆದಿದೆ. ಕೆಟಲನ್ನು ಹಾಗೇ ಬಿಟ್ಟು ಓಡಿದೆ. ಅವಳು ಹಿಂದೆಯೇ ಬಂದಳು.

ಎರಡು ಸಾವಿರದ ಮುನ್ನೂರ ಹದಿನೇಳನೆಯ ಎಂಟ್ರಿ ತೆಗೆದೆ. ತಾರೀಖು ಮೇ ಎರಡು, ಸಂಜೆ. ಹತ್ತೊಂಬತ್ತನೆಯದು ತೆಗೆದೆ. ಮೇ ಮೂರು, ಬೆಳಿಗ್ಗೆ ಹತ್ತೂ ಐದು. ನಡುವೆ ಹದಿನೆಂಟನೆಯದು ಮಾತ್ರ ಮಾರ್ಚ್ ಐದು.

"ಕ್ರಮಸಂಖ್ಯೆ ಹಿಂದೆ ಮುಂದೆ ಆಗೋಕೆ ಸಾಧ್ಯನೇ ಇಲ್ಲ," ಅಂದೆ. "ನಿಂದು ಮಾರ್ಚ್‌ನದ್ದಾಗಿದ್ರೆ ಎರಡು ಸಾವಿರದ ಇನ್ನೂರು ಕೂಡ ದಾಟಿರಬಾರದು."

ಅವಳು ಕೂತುಕೊಳ್ಳಲಿಲ್ಲ. "ಆಸೆ ತೋರಿಸ್ಬೇಡ," ಅಂದಳು. "ತಾರೀಖು ಸರ್ವರ್ ಹಾಕೋದು, ಮನುಷ್ಯರಲ್ಲ. ಅದು ಯಾಕೆ ತಪ್ಪತ್ತೆ? ಯಾಕೆ ಅಂತ ಗೊತ್ತಾಗೋವರೆಗೂ ನಾನು ನಂಬಲ್ಲ."

ಅದು ಅವಳ ಸ್ವಭಾವ. ಅವಳಿಗೆ ಬಿಡುಗಡೆ ಬೇಕಿತ್ತು, ಆದರೆ ಮೂರು ಸಲ ಓದದೆ ಬೇಡ. ಸರಿ ಎಂದು ನಾನು ಬಿಟ್ಟುಬಂದಿದ್ದ ಮೂರನ್ನೂ ಹಿಂದಕ್ಕೆ ಕರೆದೆ. ಒಂಬೈನೂರ ನಲವತ್ತು: ಮೇ ಮೂವತ್ತೊಂದು ಮತ್ತು ಜೂನ್ ಒಂದರ ನಡುವೆ ಸಿಕ್ಕಿಕೊಂಡು, ತಾನು ಜನವರಿ ಆರು ಎನ್ನುತ್ತಿತ್ತು. ಇನ್ನೊಂದು ಸೆಪ್ಟೆಂಬರ್ ನಾಲ್ಕರ ಎಂಟ್ರಿಗಳ ನಡುವೆ ಏಪ್ರಿಲ್ ಒಂಬತ್ತು. ಮತ್ತೊಂದು ನವೆಂಬರ್ ಎರಡರ ಹತ್ತಿರ ಫೆಬ್ರವರಿ ಹನ್ನೊಂದು. ನಾಲ್ಕೂ ಬೆಳಗಿನ ಒಂಬತ್ತೂವರೆಯ ಒಳಗಿನವು. ನಾಲ್ಕರಲ್ಲಿ ಮೂರು ಅವಳದೇ, ಮೊದಲು ಬರುವವಳು ಅವಳು ತಾನೆ.

ಕಾಗದದ ಮೇಲೆ ಒಂದರ ಕೆಳಗೊಂದು ಬರೆದೆ. ಆರು, ಒಂದು. ಒಂದು, ಆರು. ನೋಡುತ್ತಾ ನೋಡುತ್ತಾ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ದಿನ ತಿಂಗಳ ಜಾಗದಲ್ಲಿ, ತಿಂಗಳು ದಿನದ ಜಾಗದಲ್ಲಿ ಕೂತಿತ್ತು.

"ಹಡಗಿನ ತಾತ!" ಅಂದಳು ಅವಳು.

ಹಡಗಿನ ತಾತ ಎಂದರೆ ಆಗ ನಮ್ಮ ಆಫೀಸಿನ ಕಾವಲುಗಾರ. ಮೂವತ್ತು ವರ್ಷ ಸರಕಿನ ಹಡಗಿನಲ್ಲಿ ದುಡಿದು, ಮಂಡಿ ಹೋದ ಮೇಲೆ ನಮ್ಮಲ್ಲಿಗೆ ಬಂದವನು. ಬೆಳಿಗ್ಗೆ ಬಾಗಿಲು ತೆಗೆಯುವುದು, ದೀಪ ಹಾಕುವುದು ಅವನ ಕೆಲಸ. ಮೆಟ್ಟಿಲ ಕೆಳಗಿನ ಕಂಪ್ಯೂಟರಿನೊಳಗಿದ್ದ ಗುಂಡಿ ಬ್ಯಾಟರಿ ಯಾವಾಗಲೋ ಸತ್ತಿತ್ತು. ನಾಲ್ಕು ಕಾಸಿನ ವಸ್ತು, ಬದಲಿಸಲು ಯಾರಿಗೂ ಪುರುಸೊತ್ತಾಗಲಿಲ್ಲ. ರಾತ್ರಿ ಕರೆಂಟು ಹೋಗಿದ್ದರೆ ಅದಕ್ಕೆ ದಿನವೇ ಮರೆತುಹೋಗುತ್ತಿತ್ತು. ಬೆಳಿಗ್ಗೆ ಇವತ್ತು ಯಾವ ತಾರೀಖು ಎಂದು ಕೇಳುತ್ತಿತ್ತು. ಬಾಗಿಲು ತೆಗೆದವರೇ ತಾರೀಖು ಹೊಡೆಯಬೇಕು ಎನ್ನುವುದು ನಮ್ಮಲ್ಲಿ ರೂಢಿಯಾಗಿತ್ತು. ಇಂಥ ರೂಢಿ ಲೋಕದ ಯಾವ ಕಂಪನಿಯಲ್ಲೂ ಇರಲಾರದು. ಲಿಫ್ಟಿಗೆ ಬುದ್ಧಿ ಹೇಳುವ ಹದಿನೆಂಟು ಜನ ಸೇರಿ, ಹೊತ್ತು ಹೇಳುವ ಕೆಲಸವನ್ನು ಮಂಡಿ ನೋವಿನ ಕಾವಲುಗಾರನಿಗೆ ಬಿಟ್ಟಿದ್ದೆವು.

ತಾತ ಈಗ ಮಗಳ ಮನೆಯಲ್ಲಿದ್ದಾನೆ. ಫೋನು ಹಚ್ಚಿದೆ. ಕಿವಿ ಮಂದ, ಎಲ್ಲವನ್ನೂ ಎರಡು ಸಲ ಕೂಗಬೇಕಾಯಿತು.

"ತಾತಾ, ಆ ಹಳೇ ಕಂಪ್ಯೂಟರಿಗೆ ತಾರೀಖು ಹೇಗೆ ಹಾಕ್ತಿದ್ರಿ? ದಿನ ಮೊದಲೋ, ತಿಂಗಳು ಮೊದಲೋ?"

"ತಿಂಗಳು ಕಣಪ್ಪಾ! ನಾನಿದ್ದ ಹಡಗಲ್ಲಿ ತಿಂಗಳೇ ಮೊದಲು. ಮೂವತ್ತು ವರ್ಷದ ಅಭ್ಯಾಸ, ಎಲ್ಲಿ ಹೋಗತ್ತೆ?"

"ಅದು ತಗೊಳ್ತಿತ್ತಾ?"

"ತಿಂಗಳ ಶುರುವಲ್ಲಿ ಬಾಯ್ಮುಚ್ಕೊಂಡು ತಗೊಳ್ತಿತ್ತು. ಹನ್ನೆರಡು ದಾಟಿದ ಮೇಲೆ ಬೇಡ ಬೇಡ ಅಂತ ಕಿರಿಕಿರಿ ಮಾಡ್ತಿತ್ತು. ಆಗ ಉಲ್ಟಾ ಹೊಡೀತಿದ್ದೆ, ಸುಮ್ಮನಾಗ್ತಿತ್ತು. ಅದಕ್ಕೂ ವಯಸ್ಸಾಗಿತ್ತಲ್ಲ, ನನ್ ಹಾಗೇ. ಹತ್ತು ಗಂಟೆಗೆ ನಿಮ್ಮಲ್ಲಿ ಯಾರೋ ಬಂದು ಗೊಣಗ್ಕೊಂಡು ಸರಿ ಮಾಡ್ತಿದ್ರು. ಯಾಕಪ್ಪಾ, ಏನಾದ್ರೂ ತೊಂದ್ರೆ ಆಯ್ತಾ?"

ನಾನು ಅವಳ ಕಡೆ ನೋಡಿದೆ. ಅವಳು ಫೋನನ್ನು ನನ್ನ ಕೈಯಿಂದ ತೆಗೆದುಕೊಂಡಳು. "ಇಲ್ಲ ತಾತಾ," ಎಂದು ಕೂಗಿದಳು. "ಒಳ್ಳೇದೇ ಆಯ್ತು. ನೀವು ಚೆನ್ನಾಗಿರಿ."

ಒಂಬತ್ತು ಇಪ್ಪತ್ತಕ್ಕೆ ಅವಳು ಕೂತು ಸೇರಿಸಿದ ಎಂಟ್ರಿಗೆ ತಾತನ ತಾರೀಖು ಬಿದ್ದಿತ್ತು. ಹತ್ತು ಗಂಟೆಗೆ ಬಂದು ಗೊಣಗುತ್ತಾ ಸರಿ ಮಾಡುತ್ತಿದ್ದವನು ಬಹುಶಃ ನಾನೇ. ಆ ದಿನ ನಿಜವಾಗಿ ಮೇ ಮೂರು. ಇನ್ನೂ ಒಂದು ಸಾಕ್ಷಿ ಇರಲಿ ಎಂದು, ಮಾರ್ಚ್ ಎಂಟಕ್ಕೆ ಆ ಕಟ್ಟಡಕ್ಕೆ ಹೋದ ಬೋರ್ಡಿನ ಕೋಡು ಹೇಗಿತ್ತು ಎಂದು ಮುದಿ ಕಂಪ್ಯೂಟರಿನ ಹೊಟ್ಟೆಯಿಂದಲೇ ತೆಗೆಸಿದೆ. ಬಾಗಿಲು ಕಾಯುವ ಹೊತ್ತು: ನಾಲ್ಕು ಸೆಕೆಂಡು.

"ಓದು," ಅಂದಳು.

ಓದಿದೆ.

"ಇನ್ನೊಂದ್ಸಲ."

ಓದಿದೆ. ಮೂರನೆಯ ಸಲ ಅವಳು ಕೇಳುವ ಮೊದಲೇ ಓದಿದೆ. "ಅವತ್ತು ಆ ಬಾಗಿಲು ನಾಲ್ಕು ಸೆಕೆಂಡೇ ಕಾದಿತ್ತು. ನೀನು ಬದಲಿಸಿದ್ದು ಐವತ್ತಮೂರು ದಿನ ಆದಮೇಲೆ. ನಿಂದಲ್ಲ. ಕೇಳಿಸ್ತಾ? ನಿಂದಲ್ಲ."

ಆಗ ಕೂತಳು. ಸೆರಗಿಲ್ಲ, ಕರವಸ್ತ್ರವಿಲ್ಲ, ನನ್ನ ಮೇಜಿನ ಮೇಲಿದ್ದ ಧೂಳು ಒರೆಸುವ ಬಟ್ಟೆಯಿಂದ ಕಣ್ಣು ಒರೆಸಿಕೊಂಡಳು. ಮೊದಲು ಅತ್ತಳು, ಆಮೇಲೆ ನಕ್ಕಳು, ಆಮೇಲೆ ಎರಡನ್ನೂ ಒಟ್ಟಿಗೆ ಮಾಡಿದಳು. "ಐವತ್ತಮೂರು ದಿನ" ಎಂದು ತನಗೆ ತಾನೇ ಹೇಳಿಕೊಂಡಳು. ಎದೆಯ ಮೇಲೆ ಕೂತಿದ್ದ ಬಂಡೆ ಇಳಿಯುವುದು ಎಂದು ಮಾತಿಗೆ ಹೇಳುತ್ತಾರಲ್ಲ, ಅವತ್ತು ಅದನ್ನು ಕಣ್ಣಾರೆ ನೋಡಿದೆ. ಅವಳ ಹೆಗಲು ನಿಜವಾಗಿಯೂ ಎರಡು ಬೆರಳಿನಷ್ಟು ಕೆಳಗಿಳಿದವು. ಕೆಟಲ್ ಕೋಣೆಯಿಂದ ಸುಟ್ಟ ವಾಸನೆ ಬಂದದ್ದೇ ನೆಪವಾಗಿ ನಾನು ಅತ್ತ ಓಡಿದೆ.

ಸ್ಕ್ರಿಪ್ಟನ್ನು ಸರಿ ಮಾಡಿದವಳು ಅವಳೇ. ತಾರೀಖು ಹಿಂದಕ್ಕೆ ನಡೆದ ಕಡೆ ದಿನ ತಿಂಗಳು ಅದಲುಬದಲು ಮಾಡಿ ನೋಡು, ಅಕ್ಕಪಕ್ಕದವುಗಳ ನಡುವೆ ಸರಿಯಾಗಿ ಕೂತರೆ ಮುಂದೆ ಹೋಗು, ಕೂರದಿದ್ದರೆ ಮಾತ್ರ ಕೇಳು ಎಂದು ಎಂಟು ಸಾಲು ಬರೆದಳು. ತಾತನ ದೆಸೆಯಿಂದ ಮುಂದಕ್ಕೆ ನೆಗೆದ ತಾರೀಖುಗಳೂ ಇರಬೇಕು ಎಂದು ಅವಕ್ಕೂ ಬಲೆ ಹಾಕಿದಳು, ಎರಡು ಸಿಕ್ಕವು. ನಾನು ಚಹಾ ತರಲು ಕೆಳಗೆ ಹೋಗಿ ಬರುವಷ್ಟರಲ್ಲಿ ಅದೆಲ್ಲ ಮುಗಿದಿತ್ತು. ಒಂದೇ ಸಲ ಓದಿದ್ದಳು. ಮಧ್ಯಾಹ್ನ ಮೂರಕ್ಕೆ ಏಳು ಸಾವಿರದ ಎಂಟುನೂರ ಆರೂ ಹೊಸ ಮನೆ ಸೇರಿದವು, ಒಂದನ್ನೂ ಬಿಡದೆ. ಮ್ಯಾನೇಜರ್ ಬಂದು, "ಶುಕ್ರವಾರ ಅಂದಿದ್ದೆ, ಬುಧವಾರವೇ ಮುಗಿಸಿದ್ರಾ ಮೇಡಂ?" ಎಂದು ಬೆರಗಾದ. ಅವನಿಗೂ ಎಲ್ಲ ಹೇಳಿಬಿಟ್ಟಳು, ನಿಂತ ನಿಲುವಿನಲ್ಲೇ. ಅವನು ಬಾಯಿ ತೆರೆದುಕೊಂಡು ಕೇಳಿ, ನನ್ನ ಚಹಾವನ್ನು ಅವಳಿಗೆ ಕೊಟ್ಟುಬಿಟ್ಟ.

ಗಂಡನಿಗೆ ಅವತ್ತು ಸಂಜೆ ಹೇಳಿದಳಂತೆ. ಅವನು, "ನಂಗೆ ಮೊದಲೇ ಹೇಳಿದ್ರೆ ಎರಡೂ ತೋಳು ಉದ್ದ ಮಾಡಿಸ್ಕೊಂಡು ಹಾಕ್ಕೊಳ್ತಿದ್ದೆನಲ್ಲೇ, ಒಬ್ಳೇ ಯಾಕೆ ಹೊತ್ಕೊಂಡೆ" ಅಂದನಂತೆ. ಈ ಮಾತನ್ನು ನನಗೆ ಹೇಳುವಾಗ ಅವಳ ಮುಖ ಮದುವೆಯ ಹೊಸತರಲ್ಲಿ ಇದ್ದ ಹಾಗಿತ್ತು.

ದರ್ಜಿಗೆ ಹೇಳುವುದು ಒಂದು ಉಳಿದಿತ್ತು. ಬೇಡ ಎಂದೆ. ನಿನ್ನ ತಪ್ಪೇ ಇಲ್ಲ ಅಂದ ಮೇಲೆ ಅವನ ಮುಂದೆ ಹೋಗಿ ಏನು ಹೇಳುತ್ತೀಯ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತದೆ ಎಂದೆ. ಅವಳು ಕೇಳಲಿಲ್ಲ. "ತಪ್ಪು ನಂದು ಅಂದ್ಕೊಂಡು ಹದಿನಾಲ್ಕು ವರ್ಷ ಬಾಯಿ ಮುಚ್ಕೊಂಡಿದ್ನಲ್ಲ, ಅದು ನಂದೇ ತಾನೇ?" ಅಂದಳು. ಗುರುವಾರ ಸಂಜೆ ಆಫೀಸು ಬಿಟ್ಟ ಮೇಲೆ ನನ್ನನ್ನೂ ಎಳೆದುಕೊಂಡು ಹೋದಳು.

ಸಣ್ಣ ಅಂಗಡಿ. ಒಂದು ಮಿಷನ್ನು, ಕತ್ತರಿಸುವ ಮೇಜು, ಗೋಡೆಗೆ ನೇತುಹಾಕಿದ ಹತ್ತಾರು ಬಟ್ಟೆ. ದರ್ಜಿಗೆ ಸುಮಾರು ಐವತ್ತು. ಅವಳನ್ನು ನೋಡಿ ಎದ್ದು ನಿಂತು, "ಬನ್ನಿ ಅಮ್ಮಾ, ಯಜಮಾನ್ರ ಶರ್ಟು ತಯಾರಿದೆ" ಅಂದ. ಅವಳು ಕೂರದೆ, ನಿಂತೇ ಎಲ್ಲವನ್ನೂ ಹೇಳಿದಳು. ಲಿಫ್ಟಿನ ಬೋರ್ಡು ಅವಳ ಕಂಪನಿಯದು ಎನ್ನುವುದೇ ಅವನಿಗೆ ಗೊತ್ತಿರಲಿಲ್ಲ. ಸೆಕೆಂಡು, ತಾರೀಖು, ತಾತ, ತಾನು ಹೆದರಿ ಸುಮ್ಮನಿದ್ದದ್ದು, ಒಂದೂ ಬಿಡದೆ ಹೇಳಿದಳು. ಅವನು ಮಿಷನ್ನಿನ ಚಕ್ರದ ಮೇಲೆ ಕೈ ಇಟ್ಟುಕೊಂಡು ಕೇಳಿದ.

"ಆ ಕಣ್ಣಿಗೆ ಧೂಳು ಕಟ್ಟಿದ್ದು ನನ್ನ ಅಂಗಡಿ ಬಟ್ಟೇದೇ ಇರ್ಬೇಕು ಅಮ್ಮಾ," ಅಂದ. "ನಾನು ಅದನ್ನ ಯಾವತ್ತೋ ಬಿಟ್ಟುಬಿಟ್ಟೆ. ನೀವ್ಯಾಕೆ ಹಿಡ್ಕೊಂಡು ಕೂತ್ರಿ?" ಆಮೇಲೆ ಅವಳ ಮುಖ ನೋಡದೆ ಕೇಳಿದ: "ಹಾಗಾದ್ರೆ ನೀವು ನನ್ನ ಕೆಲಸ ಇಷ್ಟ ಆಗಿ ಬರ್ತಿದ್ದದ್ದಲ್ವಾ?"

ನಾನು ನೆಲ ನೋಡಿದೆ. ಅವಳು ಸುಳ್ಳು ಹೇಳುತ್ತಾಳೆ ಎಂದುಕೊಂಡೆ, ನಾನಾಗಿದ್ದರೆ ಹೇಳುತ್ತಿದ್ದೆ.

"ಅಲ್ಲ," ಅಂದಳು. "ಎಡತೋಳು ಯಾವಾಗಲೂ ಉದ್ದ ಇರತ್ತೆ."

"ಯಾವಾಗ್ಲೂ?"

"ಯಾವಾಗ್ಲೂ. ಅರ್ಧ ಇಂಚು."

ದರ್ಜಿಯ ಮುಖ ಕೆಂಪಾಯಿತು. ಟೇಪು ತೆಗೆದುಕೊಂಡು, "ಕೈ ಚಾಚಿ" ಎಂದು ಅವಳ ಎಡಭುಜದ ಮೇಲೆ ತುದಿ ಇಟ್ಟ. ಬಲಗೈಯ ಹೆಬ್ಬೆರಳು, ಉಂಗುರ ಬೆರಳು, ಅವೆರಡರ ನಡುವೆ ಟೇಪನ್ನು ಹಿಡಿಯುತ್ತಿದ್ದ. ಗೋಡೆಯ ಕನ್ನಡಿಯಲ್ಲಿ ನೋಡಿದ. ಹಿಡಿತಕ್ಕೆ ಸಿಕ್ಕ ಟೇಪಿನ ತುದಿ ಭುಜದ ಮೂಳೆಗಿಂತ ಅರ್ಧ ಇಂಚು ಹಿಂದೆ, ಕತ್ತಿನ ಕಡೆಗೆ ಉಳಿದಿತ್ತು. ಬಲತೋಳು ಅಳೆಯುವಾಗ ಅಲ್ಲಿ ಹಿಡಿಯುವುದು ಎಡಗೈ, ಅದು ಸರಿಯಾಗಿತ್ತು. ಕೈ ಬದಲಿಸಿ ಮತ್ತೆ ಅಳೆದ. ಟೇಪನ್ನು ಮೇಜಿನ ಮೇಲೆ ಹಾಕಿ ಸ್ಟೂಲಿನ ಮೇಲೆ ಕುಸಿದು ಕೂತ.

"ಹಳೇ ಗಿರಾಕಿಗಳು ಒಬ್ಬೊಬ್ರೇ ಬಿಟ್ಟುಹೋದ್ರು," ಅಂದ. "ಯಾರೂ ಏನೂ ಹೇಳ್ಲಿಲ್ಲ. ಪಾಪ, ಕೈ ಹೋದವನು ಅಂತ ಸುಮ್ಮನೆ ಬೇರೆ ಕಡೆ ಹೋದ್ರು. ನೀವೊಬ್ರು ಚೆನ್ನಾಗಿದೆ ಚೆನ್ನಾಗಿದೆ ಅಂತಿದ್ರಿ. ಅದಕ್ಕೇ ಕೆಲಸ ಸರಿ ಇದೆ, ನನ್ನ ಹಣೆಬರಹ ಸರಿ ಇಲ್ಲ ಅಂದ್ಕೊಂಡಿದ್ದೆ. ಒಂದು ಮಾತು ಹೇಳಿದ್ರೆ ಅವತ್ತೇ ಸರಿ ಮಾಡ್ಕೊಳ್ತಿದ್ನಲ್ಲಮ್ಮಾ."

ನಿಧಾನಮ್ಮನ ಮುಖ ಹಿಂದಿನ ದಿನ ಸ್ಕ್ರಿಪ್ಟು ನಿಂತಾಗಿನಂತೆಯೇ ಬಿಳಿಚಿಕೊಂಡಿತು. ನಾನು ಏನಾದರೂ ಒರಟಾಗಿ ಹೇಳಿ ಅವಳನ್ನು ಕಾಪಾಡಬೇಕು ಎಂದುಕೊಳ್ಳುತ್ತಿರುವಾಗ ದರ್ಜಿ ಎದ್ದ. ತಯಾರಿದ್ದ ಶರ್ಟನ್ನು ಮೊಳೆಯಿಂದ ತೆಗೆದು, ಎಡತೋಳಿನ ಹೊಲಿಗೆಗೆ ಬ್ಲೇಡು ಹಾಕಿ ಸರ್ರನೆ ಬಿಚ್ಚಿದ. ಅವನು ನಗುತ್ತಿದ್ದ.

"ಅರ್ಧ ಇಂಚು! ಅಷ್ಟಕ್ಕೆ ಹದಿನಾಲ್ಕು ವರ್ಷ. ಮನೇಲಿ ಹಳೇವು ಎಷ್ಟಿವೆ ಅಮ್ಮಾ?"

"ಇವೆ. ಮೂವತ್ತು ನಲವತ್ತು ಇರಬಹುದು."

"ಎಲ್ಲಾ ತನ್ನಿ. ಒಂದನ್ನೂ ಬಿಡ್ಬೇಡಿ," ಅಂದ ದರ್ಜಿ. "ತಂದು, ನನ್ನ ಎದುರು ಕೂತು, ಚೆನ್ನಾಗಿ ಬೈದು ಕೊಡಿ."